ಜಲಪಾತದ ದಾರಿ, ಕೆರೆಯ ದಾರಿ



ಹಾಸನ ಜಿಲ್ಲೆಯಲ್ಲಿ ಮಳೆ ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ಸಕಲೇಶಪುರದ ಪಶ್ಚಿಮದ ಅಂಚಿನಲ್ಲಿರುವ ರೈತ ಮಳೆ ಹಿಡಿಯಿತು ಎಂದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ, ಕಟ್ಟಿಗೆ ಒಣಗುವುದಿಲ್ಲ, ಹಳ್ಳ ದಾಟಿ ಮಕ್ಕಳು ಶಾಲೆಗೆ ಹೋಗುವಂತಿಲ್ಲ ಎಂದರ್ಥ. ಅರಸೀಕೆರೆಯ ರೈತ ಮಳೆ ಬಂತು ಎಂದರೆ ರಾಗಿ ಬಿತ್ತನೆಗೆ ನೆಲ ಹದವಾಯಿತು, ತೆಂಗಿನ ಬುಡ ಒಂದಿಷ್ಟು ತಣ್ಣಗಾಯಿತು ಎಂದಷ್ಟೇ ಅರ್ಥ. ಈ ಎರಡು ಊರುಗಳ ನಡುವೆ ಇರುವುದು ಸುಮಾರು 80 ಕಿಲೋಮೀಟರ್ ದಾರಿ. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ಬಂದಿರುತ್ತಾರೆ.

ಮಳೆಗಾಲದಲ್ಲಿ ಘಟ್ಟದ ಜಲಪಾತ ನೋಡಲು ಹೋಗುವುದು ಇಂದು ಒಂದು ರೂಢಿಯಾಗಿದೆ. ಹೋದವರು ನೀರು ಧುಮುಕುವುದನ್ನು ಕಂಡು ಬೆರಗಾಗಿ, ನೆನೆದು, ನಡುಗಿ, ಬಿಸಿ ಕಾಫಿ ಕುಡಿದು ಹಿಂದಿರುಗುತ್ತಾರೆ. ಆದರೆ ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಅದು ಯಾರದು ಎಂಬ ಪ್ರಶ್ನೆಗಳನ್ನು ಕೇಳಿಕೊಳ್ಳುವವರು ಕಡಿಮೆ. ಅರಸೀಕೆರೆ, ಹಳೇಬೀಡು, ಬೇಲೂರುಗಳ ಮಟ್ಟಿಗೆ ಇವು ಬರಿಯ ಕುತೂಹಲದ ಪ್ರಶ್ನೆಗಳಲ್ಲ. ಒಂಬೈನೂರು ವರ್ಷಗಳ ಹಿಂದೆ ಹೊಯ್ಸಳರಿಗೆ ಎದುರಾದ ಪ್ರಶ್ನೆ ಇದೇ; ಎತ್ತಿನಹೊಳೆ ಕಾಲುವೆಯ ಮೇಲೆ ಕಣ್ಣಿಟ್ಟು ಕುಳಿತವರ ಪ್ರಶ್ನೆಯೂ ಇದೇ. ಆದುದರಿಂದ ಇಂದಿನ ಮಾತು ಬಯಲಿನಿಂದ ಹೊರಟು ಜಲಪಾತದವರೆಗೆ ನಡೆದು, ಮತ್ತೆ ಕೆರೆಯ ಏರಿಯ ಮೇಲೆ ಬಂದು ನಿಲ್ಲುತ್ತದೆ.

ದಾರಿಯಲ್ಲಿ ಬದಲಾಗುವ ನೆಲ

ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ, ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿಗೆ, ಮುಂದೆ ಸಕಲೇಶಪುರಕ್ಕೆ ಸಾಗುವ ದಾರಿ ಕರ್ನಾಟಕದ ಹವಾಮಾನದ ಪಾಠ ಹೇಳುವ ದಾರಿ. ಅರಸೀಕೆರೆಯ ಸುತ್ತ ತೆಂಗು, ರಾಗಿ, ಹುರುಳಿ, ಕಲ್ಲು ಗುಡ್ಡಗಳ ಮೇಲೆ ಕುರುಚಲು. ಹಳೇಬೀಡಿನ ಹೊತ್ತಿಗೆ ಮುಸುಕಿನ ಜೋಳ, ಆಲೂಗೆಡ್ಡೆಯ ಹೊಲಗಳು. ಬೇಲೂರು ದಾಟುತ್ತಿದ್ದಂತೆ ಗದ್ದೆಗಳು, ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳು. ಸಕಲೇಶಪುರ ದಾಟಿ ಹೆತ್ತೂರು, ಬಿಸಿಲೆಗಳ ಕಡೆ ತಿರುಗಿದರೆ ತೋಟಗಳ ಬೇಲಿಯಾಚೆ ನಿತ್ಯಹರಿದ್ವರ್ಣದ ಕಾಡು ಗೋಡೆಯಂತೆ ಎದ್ದು ನಿಲ್ಲುತ್ತದೆ.

ಇಲ್ಲಿ ಒಂದು ವಿಷಯ ಗಮನಾರ್ಹ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಸಕಲೇಶಪುರ ಸುಮಾರು 950 ಮೀಟರ್. ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೂ ಅರಸೀಕೆರೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 650 ಮಿಲಿಮೀಟರ್. ಸಕಲೇಶಪುರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಅದು 3,000 ಮಿಲಿಮೀಟರನ್ನೂ ದಾಟುತ್ತದೆ. ಅಂದರೆ ಮಳೆಯನ್ನು ನಿರ್ಧರಿಸುವುದು ಎತ್ತರವೊಂದೇ ಅಲ್ಲ, ಘಟ್ಟದ ಅಂಚಿಗೆ ಎಷ್ಟು ಹತ್ತಿರ ಎಂಬುದು.

ಜೂನ್ ಮೊದಲ ವಾರದಲ್ಲಿ ಅರಬ್ಬೀ ಸಮುದ್ರದ ಮೇಲಿನಿಂದ ಬರುವ ನೈರುತ್ಯ ಮಾರುತ ತೇವದಿಂದ ತುಂಬಿರುತ್ತದೆ. ಕರಾವಳಿಯ ಬಯಲನ್ನು ದಾಟುವವರೆಗೆ ಅದಕ್ಕೆ ಅಡ್ಡಿಯಿಲ್ಲ. ಮುಂದೆ ಒಮ್ಮೆಗೇ ಸಾವಿರ ಮೀಟರಿನ ಗೋಡೆ. ಗಾಳಿ ಮೇಲೇರಲೇಬೇಕು, ಮೇಲೇರಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ತಾನು ಹೊತ್ತ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಮಳೆಯಾಗಿ ಸುರಿಸುತ್ತದೆ. ಅಂಚು ದಾಟಿ ಪೂರ್ವಕ್ಕೆ ಇಳಿಯುವ ಗಾಳಿ ಮತ್ತೆ ಬಿಸಿಯಾಗಿ ಒಣಗುತ್ತ ಹೋಗುತ್ತದೆ. ಅರಸೀಕೆರೆಯ ಆಕಾಶದಲ್ಲಿ ಆಷಾಢದ ಮೋಡಗಳು ಓಡುತ್ತಿರುತ್ತವೆ, ಗಾಳಿ ಬೀಸುತ್ತಿರುತ್ತದೆ, ಹನಿ ಮಾತ್ರ ಬೀಳುವುದಿಲ್ಲ. ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳು ಮಲೆನಾಡಿನ ಹಳ್ಳಗಳನ್ನು ಉಕ್ಕಿಸುವಾಗ ಅರಸೀಕೆರೆಯವರು ಕಾಯುವುದು ಉತ್ತರೆ, ಹಸ್ತ, ಚಿತ್ತೆಗಳ ಮಳೆಯನ್ನು.

ಎರಡು ಕಡಲುಗಳ ನಡುವಿನ ಕಲ್ಲು

ಬಿಸಿಲೆ ರಸ್ತೆಯ ಮಂಕನಹಳ್ಳಿಯ ಬಳಿ ಒಂದು ಹಳೆಯ ಗುರುತಿನ ಕಲ್ಲಿದೆ. ಅದರ ಒಂದು ಮಗ್ಗುಲಿಗೆ ಬಂಗಾಳ ಕೊಲ್ಲಿ, ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರ ಎಂದು ಬರೆದಿದೆ. ಕಲ್ಲಿನ ಪೂರ್ವಕ್ಕೆ ಬಿದ್ದ ಹನಿ ಹೇಮಾವತಿಯನ್ನು ಸೇರಿ, ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಕಾವೇರಿಯಾಗಿ ತಮಿಳುನಾಡನ್ನು ಹಾದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದ ಹನಿ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆತು, ಮಂಗಳೂರಿನ ಕಡಲಿಗೆ ಹೋಗುತ್ತದೆ. ಒಂದು ಹನಿಯ ದಾರಿ ನೂರಾರು ಕಿಲೋಮೀಟರ್. ಮತ್ತೊಂದರ ದಾರಿ ಅದಕ್ಕಿಂತ ಎಷ್ಟೋ ಗಿಡ್ಡ. ಎರಡೂ ಹನಿಗಳನ್ನು ಬೇರ್ಪಡಿಸಿದ್ದು ಒಂದು ಅಂಗೈ ಅಗಲದ ನೆಲ.

ಪೂರ್ವಕ್ಕೆ ಹರಿಯುವ ನದಿಗೆ ಅವಸರವಿಲ್ಲ. ಪಶ್ಚಿಮಕ್ಕೆ ಹರಿಯುವ ಹಳ್ಳಕ್ಕೆ ಮಾತ್ರ ಹುಟ್ಟಿದ ಕೆಲವೇ ಮೈಲಿಗಳಲ್ಲಿ ಎಂಟುನೂರು ಮೀಟರ್ ಕೆಳಗಿಳಿಯಬೇಕಾದ ತುರ್ತು. ಘಟ್ಟದ ಜಲಪಾತಗಳ ಗುಟ್ಟು ಇಷ್ಟೇ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರ್ಪಟ್ಟು ಸರಿದುಹೋದಾಗ ಪ್ರಸ್ಥಭೂಮಿಯ ಪಶ್ಚಿಮದ ಮಗ್ಗುಲು ಮುರಿದ ರೊಟ್ಟಿಯ ಅಂಚಿನಂತೆ ಉಳಿಯಿತು. ಆ ಅಂಚನ್ನು ಅಂದಿನಿಂದ ಮಳೆಯ ನೀರು ಕೊರೆಯುತ್ತ ಬಂದಿದೆ. ಮೆತ್ತಗಿನ ಕಲ್ಲು ಮೊದಲು ಸವೆಯುತ್ತದೆ, ಗಟ್ಟಿ ಕಲ್ಲು ಮೆಟ್ಟಿಲಾಗಿ ನಿಲ್ಲುತ್ತದೆ, ನೀರು ಆ ಮೆಟ್ಟಿಲಿನಿಂದ ಧುಮುಕುತ್ತದೆ. ಬುಡವನ್ನು ನೀರು ಕೊರೆದಂತೆಲ್ಲ ಮೇಲಿನ ಬಂಡೆ ಕಳಚಿ ಬೀಳುತ್ತದೆ. ಜಲಪಾತ ತುಸುತುಸುವೇ ಹಿಂದಕ್ಕೆ ಸರಿಯುತ್ತದೆ. ಮುಂದೆ ಆಳವಾದ ಕಮರಿ ಉಳಿಯುತ್ತದೆ.

ಮಳೆಯೊಳಗೆ ಒಂದು ನಡಿಗೆ

ವಣಗೂರಿನ ಕಡೆಯಿಂದ ಜಿಲ್ಲೆಯ ಗಡಿ ದಾಟಿ ಕೊಡಗಿನ ಸೋಮವಾರಪೇಟೆ ತಾಲ್ಲೂಕನ್ನು ಹೊಕ್ಕರೆ ಪುಷ್ಪಗಿರಿಯ ತಪ್ಪಲಿನಲ್ಲಿ ಮಲ್ಲಳ್ಳಿ ಜಲಪಾತವಿದೆ. ಕುಮಾರಧಾರೆ ಇಲ್ಲಿ ಸುಮಾರು 200 ಅಡಿ ಧುಮುಕುತ್ತದೆ. ಕಡುಮಳೆಯ ದಿನ ಇಲ್ಲಿಗೆ ನಡೆದು ಹೋಗುವವರಿಗೆ ಜಲಪಾತ ಮೊದಲು ಕಾಣುವುದಿಲ್ಲ, ಕೇಳುತ್ತದೆ. ಮಂಜು ಕಮರಿಯನ್ನು ತುಂಬಿಕೊಂಡಿರುತ್ತದೆ. ಬಿಳಿಯ ಪರದೆಯ ಹಿಂದಿನಿಂದ ಗಿರಣಿ ತಿರುಗುವಂಥ ಒಂದೇ ಶ್ರುತಿಯ ಸದ್ದು. ಗಾಳಿ ಒಂದು ಕ್ಷಣ ಮಂಜನ್ನು ಎತ್ತಿದಾಗ ಎದುರಿನ ಇಡೀ ಗುಡ್ಡವೇ ನೀರಾಗಿ ಜಾರುತ್ತಿರುವಂತೆ ಕಾಣುತ್ತದೆ. ಮರುಕ್ಷಣ ಮತ್ತೆ ಬಿಳುಪು.

ಇಂಥ ದಾರಿಯಲ್ಲಿ ಛತ್ರಿಯಿಂದ ಹೆಚ್ಚಿನ ಉಪಯೋಗವಿಲ್ಲ. ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ. ಅಡ್ಡಲಾಗಿ ಬರುತ್ತದೆ, ಎಲೆಗಳಿಂದ ತೊಟ್ಟಿಕ್ಕುತ್ತದೆ, ಕೆಳಗಿನ ಕಮರಿಯಿಂದ ತುಂತುರಾಗಿ ಮೇಲಕ್ಕೂ ಏರುತ್ತದೆ. ಮಲೆನಾಡಿನ ಹಳಬರು ಗದ್ದೆಯ ಕೆಲಸಕ್ಕೆ ಗೊರಬು ಹೊದೆಯುತ್ತಿದ್ದುದು, ದಾರಿ ನಡೆಯುವಾಗ ಕಂಬಳಿಯ ಕೊಪ್ಪೆ ಹಾಕಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಎರಡೂ ಬೆನ್ನನ್ನು ಕಾಯುತ್ತವೆ, ಕೈಗಳನ್ನು ಬಿಡುವಾಗಿ ಇಡುತ್ತವೆ. ಜಾರುವ ಕಲ್ಲಿನ ಮೇಲೆ ಎರಡು ಕೈ ಬಿಡುವಾಗಿರುವುದು ಎಷ್ಟು ಅಗತ್ಯವೆಂಬುದು ಒಮ್ಮೆ ಜಾರಿದವರಿಗೆ ತಿಳಿಯುತ್ತದೆ.

ಇಂಬಳಗಳ ವಿಚಾರ ಹೇಳದೆ ಮಳೆಕಾಡಿನ ವಿವರ ಪೂರ್ತಿಯಾಗದು. ಬಯಲುಸೀಮೆಯಿಂದ ಬಂದವರನ್ನು ಆನೆಗಿಂತ ಹೆಚ್ಚಾಗಿ ಹೆದರಿಸುವುದು ಬೆಂಕಿಕಡ್ಡಿಯಷ್ಟು ದಪ್ಪದ ಈ ಜೀವಿ. ಒದ್ದೆ ತರಗೆಲೆಯ ಮೇಲೆ ನೆಟ್ಟಗೆ ನಿಂತು, ನಡೆಯುವವರ ಉಸಿರಿನ ಬಿಸಿಗೂ ಹೆಜ್ಜೆಯ ಅದುರಿಗೂ ತಲೆ ತಿರುಗಿಸುತ್ತದೆ. ಕಚ್ಚಿದಾಗ ನೋಯುವುದಿಲ್ಲ, ಹೊಟ್ಟೆ ತುಂಬಿ ಉದುರಿದ ಮೇಲೂ ರಕ್ತ ಹೆಪ್ಪುಗಟ್ಟದೆ ಸೋರುವುದರಿಂದಲೇ ಗೊತ್ತಾಗುವುದು. ಸುಣ್ಣ, ಉಪ್ಪು, ಹೊಗೆಸೊಪ್ಪಿನ ಪುಡಿ ಇವು ಹಳೆಯ ಮದ್ದುಗಳು. ಆದರೆ ಇಂಬಳ ಇದೆಯೆಂದರೆ ನೆಲ ಒಣಗಿಲ್ಲ, ತರಗು ಕೊಳೆಯುತ್ತಿದೆ, ಅದರ ಮೇಲೆ ಪ್ರಾಣಿಗಳು ಓಡಾಡುತ್ತಿವೆ ಎಂದು ಅರ್ಥ. ನೆಲ ಕಾದು ಒಣಗಿದ ಕಡೆ ಇಂಬಳ ಉಳಿಯುವುದಿಲ್ಲ.

ನಡೆಯುವ ದಾರಿಯ ಮಗ್ಗುಲಲ್ಲಿ ಕಾಡು ತನ್ನ ಕೆಲಸವನ್ನು ತೋರಿಸುತ್ತಿರುತ್ತದೆ. ಮೇಲೆ ಧೂಪ, ಬಲಗಿ, ಹೆಬ್ಬಲಸು ಮೊದಲಾದ ಎತ್ತರದ ಮರಗಳ ತಲೆ. ಅದರ ಕೆಳಗೆ ಇನ್ನೊಂದು ಸಾಲು, ಅದರ ಕೆಳಗೆ ಬೆತ್ತ, ವಾಟೆ, ಜರೀಗಿಡಗಳು. ಕೊಂಬೆಗಳ ಮೇಲೆ ಪಾಚಿ, ಸೀತಾಳೆ, ಮಳೆಗಾಲದಲ್ಲಿ ಮಾತ್ರ ಚಿಗುರುವ ಮರಕೆಸ. ಮೋಡದಿಂದ ಹೊರಟ ಹನಿ ನೆಲ ಮುಟ್ಟುವ ಮೊದಲು ಈ ಅಂತಸ್ತುಗಳಲ್ಲೆಲ್ಲ ಒಡೆದು, ತಡೆದು, ವೇಗ ಕಳೆದುಕೊಳ್ಳುತ್ತದೆ. ನೆಲ ಮುಟ್ಟಿದಾಗ ಅದಕ್ಕೆ ಮಣ್ಣನ್ನು ಕೊಚ್ಚುವ ಕಸುವಿರುವುದಿಲ್ಲ. ತರಗೆಲೆಯ ಹಾಸು ಅದನ್ನು ಹೀರಿ, ಬೇರುಗಳ ಸಂದಿಯಲ್ಲಿ ಒಳಕ್ಕೆ ಇಳಿಸುತ್ತದೆ. ಕಡುಮಳೆಯಲ್ಲೂ ದಟ್ಟ ಕಾಡಿನ ತೊರೆಯ ನೀರು ಬಹುಮಟ್ಟಿಗೆ ತಿಳಿಯಾಗಿರುವುದಕ್ಕೆ, ಕಾಡು ಕಡಿದು ರಸ್ತೆ ಸೀಳಿದ ಗುಡ್ಡದ ನೀರು ಕೆಂಪಾಗಿರುವುದಕ್ಕೆ ಇದೇ ಕಾರಣ.

ಹಾಗಾಗಿ ಜಲಪಾತದ ನಿಜವಾದ ಪರೀಕ್ಷೆ ಜುಲೈ ತಿಂಗಳಲ್ಲಲ್ಲ, ಫೆಬ್ರುವರಿಯಲ್ಲಿ. ಮಳೆಗಾಲದಲ್ಲಿ ಬೋಳು ಗುಡ್ಡದಲ್ಲೂ ಜಲಪಾತ ಕಾಣಿಸಿಕೊಳ್ಳಬಹುದು. ಮಳೆ ನಿಂತು ನಾಲ್ಕು ತಿಂಗಳಾದ ಮೇಲೂ ಬಂಡೆಯ ಮೇಲಿನಿಂದ ನೀರು ಇಳಿಯುತ್ತಿದ್ದರೆ, ಅದು ಆಕಾಶ ಕೊಟ್ಟ ನೀರಲ್ಲ. ಕಾಡು ಮತ್ತು ಗುಡ್ಡದ ತುದಿಯ ಹುಲ್ಲುಗಾವಲು ತಮ್ಮ ಮಣ್ಣಿನಲ್ಲಿ ಕೂಡಿಟ್ಟು ಕೊಟ್ಟ ನೀರು. ಬಯಲಿನಲ್ಲಿ ಕೆರೆ ಮಾಡುವ ಕೆಲಸವನ್ನು ಘಟ್ಟದಲ್ಲಿ ಕಾಡು ಮಾಡುತ್ತದೆ. ಇವತ್ತಿನ ಮಾತಿನ ತಿರುಳು ಇದೇ.

ಮಲ್ಲಳ್ಳಿಯಲ್ಲಿ ಇಳಿಯಲು ಮೆಟ್ಟಿಲುಗಳಿವೆ. ಬುಡದ ಮಡುವಿಗೆ ಮಾತ್ರ ಯಾರೂ ಇಳಿಯಬಾರದು. ಮೇಲೆ ಗುಡ್ಡದಲ್ಲಿ ಬಿದ್ದ ಮಳೆ ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ. ನೀರು ಗಳಿಗೆಯಲ್ಲಿ ಏರುತ್ತದೆ. ಇದೇ ಕುಮಾರಧಾರೆ ಕೆಳಗೆ ಸುಬ್ರಹ್ಮಣ್ಯದಲ್ಲಿ ಯಾತ್ರಿಕರು ಮೀಯುವ ಹೊಳೆ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ತನ್ನ ಆಯುಧವನ್ನು ಇದರಲ್ಲಿ ತೊಳೆದನೆಂದು ಸ್ಥಳಪುರಾಣ ಹೇಳುತ್ತದೆ.

ಮಲೆಯಿಂದ ಇಳಿದ ಅರಸರು

ಈ ಮಳೆಕಾಡಿಗೂ ಬೇಲೂರು, ಹಳೇಬೀಡುಗಳ ಶಿಲ್ಪಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಹತ್ತಿರದ್ದೇ. ಹೊಯ್ಸಳರ ಮೂಲಸ್ಥಾನ ಸೊಸೆವೂರು. ಅದು ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂದು ಗುರುತಿಸಲಾಗಿದೆ. ವಾಸಂತಿಕಾದೇವಿಯ ಗುಡಿಯ ಬಳಿ ಹುಲಿ ಮೇಲೆ ಬಿದ್ದಾಗ ಗುರುವಿನ ಮಾತಿನಂತೆ ಸಳ ಅದನ್ನು ಹೊಡೆದನೆಂಬ ಕಥೆ ನಡೆಯುವುದು ಇಲ್ಲಿ. ಕಥೆ ಐತಿಹ್ಯವಾಗಿರಬಹುದು, ಆದರೆ ಹುಲಿಯಿದ್ದ ಕಾಡಿನ ಜನ ಇವರು ಎಂಬುದನ್ನಂತೂ ಅದು ಹೇಳುತ್ತದೆ. ಹೊಯ್ಸಳ ಅರಸರು ಕೊನೆಯವರೆಗೂ ಬಿಡದೆ ಹೊತ್ತ ಬಿರುದು 'ಮಲೆಪರೊಳ್ ಗಂಡ', ಎಂದರೆ ಮಲೆಯ ನಾಯಕರಲ್ಲಿ ಗಂಡುಗಲಿ. ಬಯಲಿನ ಚಕ್ರವರ್ತಿಗಳಾದ ಮೇಲೂ ಅವರು ತಮ್ಮ ಮಲೆಯ ಗುರುತನ್ನು ಅಳಿಸಿಕೊಳ್ಳಲಿಲ್ಲ.

ಸೊಸೆವೂರಿನಿಂದ ಬೇಲೂರಿಗೆ, ಅಲ್ಲಿಂದ ದ್ವಾರಸಮುದ್ರಕ್ಕೆ, ಮುಂದೆ ಅರಸಿಯಕೆರೆಯ ಕಡೆಗೆ ಅವರು ಬೆಳೆದ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿದರೆ ಅದು ಹೆಚ್ಚು ಮಳೆಯಿಂದ ಕಡಿಮೆ ಮಳೆಯ ಕಡೆಗೆ ಇಳಿಯುವ ದಾರಿ. ಮಲೆನಾಡಿನಲ್ಲಿ ನೀರು ಸಿಗುವುದು ಕಷ್ಟವಲ್ಲ, ದೊಡ್ಡ ಸೈನ್ಯವನ್ನೂ ನಗರವನ್ನೂ ಸಾಕುವಷ್ಟು ಸಮನೆಲ ಸಿಗುವುದು ಕಷ್ಟ. ಬಯಲಿನಲ್ಲಿ ನೆಲವಿದೆ, ದಾರಿಗಳಿವೆ, ಆದರೆ ನೀರನ್ನು ಹಿಡಿದಿಡಬೇಕು. ಕಾಡು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವನ್ನು ಬಯಲಿಗೆ ಬಂದವರು ಮಣ್ಣು ಹೊತ್ತು, ಏರಿ ಕಟ್ಟಿ, ತೂಬು ಇಟ್ಟು ಮಾಡಬೇಕಾಯಿತು.

ಅವರು ಕೆರೆಗಳಿಗೆ ಇಟ್ಟ ಹೆಸರುಗಳನ್ನು ನೋಡಬೇಕು. ಹಳೇಬೀಡಿನ ಕೆರೆ ದ್ವಾರಸಮುದ್ರ. ರಾಜಧಾನಿಯ ಹೆಸರೇ ಕೆರೆಯ ಹೆಸರು. ಬೇಲೂರಿನ ಕೆರೆ ವಿಷ್ಣುಸಮುದ್ರ. ಕಡಲಿನಿಂದ ಘಟ್ಟದಾಚೆ ಕುಳಿತ ಅರಸರು ತಾವು ಕಟ್ಟಿದ ನೀರನ್ನು ಸಮುದ್ರ ಎಂದು ಕರೆದರು. ಅರಸೀಕೆರೆಯದು ಇನ್ನೂ ಸರಳ: ಅರಸಿಯ ಕೆರೆ. ಹೊಯ್ಸಳ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಹೆಸರು ಬಂತೆಂಬುದು ನಂಬಿಕೆ. ಇತರ ಊರುಗಳು ಕೋಟೆಯಿಂದ, ದೇವರಿಂದ, ದಂಡನಾಯಕನಿಂದ ಹೆಸರು ಪಡೆದರೆ ಇದು ಪಡೆದದ್ದು ಒಬ್ಬ ಹೆಂಗಸು ಮಾಡಿಸಿದ ನೀರಿನ ಕೆಲಸದಿಂದ.

ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಯಾದ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಲಸವೂ ಅದೇ ವಿಷ್ಣುವರ್ಧನನ ಕಾಲದಲ್ಲಿ ಮೊದಲಾಯಿತು. ಅರಸೀಕೆರೆಯ ಈಶ್ವರ ಗುಡಿ, ನಕ್ಷತ್ರಾಕಾರದ ಮುಖಮಂಟಪದ ವಿಶೇಷಕ್ಕೆ ಹೆಸರಾದದ್ದು, 13ನೆಯ ಶತಮಾನದ ಮೊದಲ ಭಾಗದ್ದು. ಈ ಗುಡಿಗಳ ಬಳಪದ ಕಲ್ಲಿನ ಕೆತ್ತನೆಯನ್ನು ಹೊಗಳದವರಿಲ್ಲ. ಆದರೆ ಗುಡಿ ಕಟ್ಟುವ ಶಿಲ್ಪಿಗೆ, ಕಲ್ಲು ಎಳೆಯುವ ಎತ್ತಿಗೆ, ಪೂಜಾರಿಗೆ, ನೃತ್ಯದವರಿಗೆ ಅನ್ನ ಬಂದದ್ದು ಕೆರೆಯ ಕೆಳಗಿನ ಗದ್ದೆಯಿಂದ. ಕೆರೆ ಇಲ್ಲದಿದ್ದರೆ ಮದನಿಕೆಯರೂ ಇಲ್ಲ. ಹಳೇಬೀಡಿನ ಬಳಿಯ ಹುಲಿಕೆರೆಯ ಕಲ್ಯಾಣಿಯನ್ನು ನೋಡಿದವರಿಗೆ, ನೀರಿನ ಕಟ್ಟಡಕ್ಕೂ ಹೊಯ್ಸಳರು ದೇವರ ಗುಡಿಯಷ್ಟೇ ಚಂದವನ್ನು ಮೀಸಲಿಟ್ಟಿದ್ದರು ಎಂಬುದು ಮನದಟ್ಟಾಗುತ್ತದೆ.

ಹೊಯ್ಸಳೇಶ್ವರದ ಗೋಡೆಯ ಮೇಲೆ ಗೋವರ್ಧನಗಿರಿಯನ್ನು ಎತ್ತಿದ ಕೃಷ್ಣನ ಫಲಕವಿದೆ. ಇಂದ್ರ ಮುನಿದು ಸುರಿಸಿದ ಮಳೆಯಿಂದ ಗೋವುಗಳನ್ನೂ ಗೋಪಾಲಕರನ್ನೂ ಕೃಷ್ಣ ಕಾಯುವ ಕಥೆ ಅದು. ಅಲ್ಲಿ ಶಿಲ್ಪಿ ಬೆಟ್ಟವನ್ನು ಬರಿಯ ಬಂಡೆಯಾಗಿ ಕೆತ್ತಿಲ್ಲ. ಅದರ ಮೇಲೆ ಮರಗಳನ್ನೂ ಪ್ರಾಣಿಗಳನ್ನೂ ತುಂಬಿದ್ದಾನೆ. ಮಳೆಯ ಹೊಡೆತವನ್ನು ತಡೆಯುವುದು ಮರ ತುಂಬಿದ ಬೆಟ್ಟ, ಆ ಬೆಟ್ಟದ ಕೆಳಗೆ ದನಕರು ನೆಮ್ಮದಿಯಾಗಿ ನಿಂತಿವೆ. ಅದನ್ನು ಪುರಾಣವೆಂದೂ ಓದಬಹುದು, ಮಲೆನಾಡಿನ ಅನುಭವವೆಂದೂ ಓದಬಹುದು. ಹಳೇಬೀಡಿನ ಪಕ್ಕದ ಗುಡ್ಡದ ಹೆಸರೂ ಪುಷ್ಪಗಿರಿ, ಕುಮಾರಧಾರೆಯ ತಲೆಯ ಮೇಲಿನ 1,712 ಮೀಟರ್ ಎತ್ತರದ ಗಿರಿಯ ಹೆಸರೂ ಪುಷ್ಪಗಿರಿ ಎಂಬುದು ಕಾಕತಾಳೀಯವಾದರೂ ನೆನಪಿನಲ್ಲಿ ಉಳಿಯುವಂಥದು.

ದ್ವಾರಸಮುದ್ರದ ರಾಜ್ಯಕ್ಕೆ 1311ರಲ್ಲಿ ಮಲಿಕ್ ಕಾಫೂರನ ದಂಡಿನಿಂದ ಪೆಟ್ಟು ಬಿತ್ತು; ನಗರ ಹಳೆಯ ಬೀಡಾಯಿತು. ಅರಮನೆ ಹೋಯಿತು, ಕೆರೆ ಉಳಿಯಿತು. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದಕ್ಕೂ ಮೊದಲೇ, 2012ರಲ್ಲಿ, ಪಶ್ಚಿಮಘಟ್ಟದ 39 ತಾಣಗಳು ಅದೇ ಪಟ್ಟಿಗೆ ಸೇರಿದ್ದವು. ಅವುಗಳಲ್ಲಿ ಪುಷ್ಪಗಿರಿ ವನ್ಯಧಾಮವೂ ಒಂದು. ಕಲ್ಲಿನ ಪರಂಪರೆಯನ್ನು ಜನ ಸಂತೋಷದಿಂದ ಒಪ್ಪಿಕೊಂಡರು. ಕಾಡಿನ ಪರಂಪರೆಯನ್ನು ಮಾತ್ರ ಮಲೆನಾಡಿನ ಅನೇಕರು ಅನುಮಾನದಿಂದ ನೋಡಿದರು; ತಮ್ಮ ತೋಟ, ಮನೆಗಳಿಗೆ ಕಟ್ಟುಪಾಡು ಬಂದೀತೆಂಬ ಭಯ ಅವರದು. ಆ ಭಯವನ್ನು ಅರ್ಥಮಾಡಿಕೊಳ್ಳದೆ ಕಾಡಿನ ಬಗ್ಗೆ ಉಪದೇಶ ಹೇಳುವುದು ಸುಲಭ, ಆದರೆ ನ್ಯಾಯವಲ್ಲ.

ಎತ್ತಿನಹೊಳೆಯ ಲೆಕ್ಕ

ಈಗ ಇಂದಿನ ಕಾಲಕ್ಕೆ ಬರಬೇಕು. ಸಕಲೇಶಪುರ ತಾಲ್ಲೂಕಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಧುಮುಕುವ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಮಳೆಗಾಲದ ನೀರನ್ನು ಎಂಟು ಒಡ್ಡುಗಳಲ್ಲಿ ತಡೆದು, ಪಂಪುಗಳಿಂದ ಮೇಲೆತ್ತಿ, ಪೂರ್ವಕ್ಕೆ ತಿರುಗಿಸುವ ಯೋಜನೆಗೆ 2012ರಲ್ಲಿ ಸರ್ಕಾರದ ಮಂಜೂರಾತಿ ಸಿಕ್ಕಿತು. ಮಂಕನಹಳ್ಳಿಯ ಕಲ್ಲು ಬೇರೆ ಮಾಡಿದ ಎರಡು ಕಡಲುಗಳ ನೀರನ್ನು ಪಂಪು ಕೂಡಿಸುವ ಕೆಲಸವಿದು. ಗುರಿ 24.01 ಟಿಎಂಸಿ, ಏಳು ಜಿಲ್ಲೆಗಳ 29 ತಾಲ್ಲೂಕುಗಳಿಗೆ ಕುಡಿಯುವ ನೀರು ಮತ್ತು 527 ಕೆರೆಗಳಿಗೆ ಭಾಗಶಃ ಪೂರಣ. ಅರಸೀಕೆರೆಯೂ ಆ ಪಟ್ಟಿಯಲ್ಲಿದೆ. ಮೊದಲಿಗೆ 8,323 ಕೋಟಿ ರೂಪಾಯಿ ಎಂದಿದ್ದ ವೆಚ್ಚ 2023ರ ಪರಿಷ್ಕರಣೆಯಲ್ಲಿ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾಯಿತು. ಮುಂದಿನ ಕಾಲುವೆ ಪೂರ್ತಿಯಾಗದಿದ್ದ ಕಾರಣ ಆ ಮಳೆಗಾಲದ ನೀರನ್ನು ಹಳೇಬೀಡು, ಬೆಳವಾಡಿ ಕೆರೆಗಳ ಹಾದಿಯಾಗಿ ವೇದಾವತಿ ಕಣಿವೆಗೆ, ವಾಣಿವಿಲಾಸ ಸಾಗರದ ಕಡೆಗೆ ಬಿಡಲಾಯಿತು. ಹೊಯ್ಸಳರ ಕೆರೆ ಮತ್ತೆ ಮಲೆಯ ನೀರಿನ ದಾರಿಯಾಯಿತು.

ಇದರಲ್ಲಿ ಸರಿ ತಪ್ಪು ಹೇಳುವ ಮೊದಲು ಬರದ ನಾಡಿನ ಸಂಕಟವನ್ನು ಒಪ್ಪಬೇಕು. ತೆಂಗು ಒಂದು ವರ್ಷದ ಬೆಳೆಯಲ್ಲ. ರಾಗಿ ಒಣಗಿದರೆ ಮುಂದಿನ ವರ್ಷ ಬಿತ್ತಬಹುದು. ಮೂವತ್ತು ವರ್ಷದ ತೆಂಗಿನ ಮರದ ಸುಳಿ ಒಣಗಿದರೆ ಒಂದು ತಲೆಮಾರಿನ ದುಡಿಮೆ ಹೋದಂತೆ. ಕೊಬ್ಬರಿಯನ್ನೇ ನಂಬಿದ ಅರಸೀಕೆರೆಯ ಸೀಮೆಯಲ್ಲಿ ಕೊಳವೆಬಾವಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕೆ ಇಳಿದಿವೆ. ಹಳೇಬೀಡಿನ ರೈತರು ಯಗಚಿಯ ರಣಘಟ್ಟ ಒಡ್ಡಿನಿಂದ ದ್ವಾರಸಮುದ್ರಕ್ಕೆ ನೀರು ತನ್ನಿ ಎಂದು ಬಹುಕಾಲ ಹೋರಾಡಿದರು. ನೀರು ಕೇಳುವವರನ್ನು ಕಾಡಿನ ಶತ್ರುಗಳೆಂದು ಕರೆಯುವುದು ತಪ್ಪು.

ಇನ್ನು ಲೆಕ್ಕವನ್ನು ನೋಡೋಣ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರ್. ಈ ಹೊಳೆಗಳ ಜಲಾನಯನ ಪ್ರದೇಶ ಸುಮಾರು 176 ಚದರ ಕಿಲೋಮೀಟರ್. 24 ಟಿಎಂಸಿ ನೀರನ್ನು ಅಷ್ಟು ನೆಲದ ಮೇಲೆ ಸಮನಾಗಿ ಹರಡಿದರೆ 3.8 ಮೀಟರಿಗೂ ಹೆಚ್ಚು ಆಳ ನಿಲ್ಲುತ್ತದೆ. ಅಲ್ಲಿ ವರ್ಷದಲ್ಲಿ ಬೀಳುವ ಮಳೆಯೇ ಸುಮಾರು 3ರಿಂದ 4.5 ಮೀಟರ್. ಮರ ಕುಡಿಯುವುದು, ಆವಿಯಾಗುವುದು, ನೆಲಕ್ಕೆ ಇಂಗುವುದು, ಹೊಳೆಯಲ್ಲಿ ಹರಿಯಲೇಬೇಕಾದದ್ದು ಇವನ್ನೆಲ್ಲ ಕಳೆದರೆ ಉಳಿಯುವುದೆಷ್ಟು? ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನ 2015ರಲ್ಲಿ ಹೇಳಿದ್ದು 9.55 ಟಿಎಂಸಿ ಎಂದು. ಸರ್ಕಾರದ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ ಎರಡು ಪಾಲಿಗಿಂತ ಹೆಚ್ಚು. ಈ ಅಂತರದ ನೋವನ್ನು ಉಣ್ಣುವವರು ಘಟ್ಟದವರಿಗಿಂತ ಹೆಚ್ಚಾಗಿ ಕಾಲುವೆಯ ತುದಿಯಲ್ಲಿ ಕಾದು ಕುಳಿತವರು. ಕಡಿಮೆ ನೀರಿನ ಕಾಲುವೆ ಕೊನೆಯ ಊರನ್ನು ಮೊದಲು ಮರೆಯುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಅರಸೀಕೆರೆಯಲ್ಲಿ 650 ಮಿಲಿಮೀಟರ್ ಮಳೆಯೆಂದರೆ ಒಂದು ಎಕರೆಯ ಮೇಲೆ ವರ್ಷಕ್ಕೆ ಸುಮಾರು 26 ಲಕ್ಷ ಲೀಟರ್ ನೀರು. ತಾಲ್ಲೂಕಿನ ವಿಸ್ತಾರ 1,200 ಚದರ ಕಿಲೋಮೀಟರಿಗೂ ಮೀರಿದ್ದು. ಒಟ್ಟು ಮಳೆ 27 ಟಿಎಂಸಿಯಷ್ಟಾಗುತ್ತದೆ. ಇದರಲ್ಲಿ ಬಹುಪಾಲು ಆವಿಯಾಗುತ್ತದೆ, ಬೆಳೆಗೂ ಹುಲ್ಲಿಗೂ ಸಲ್ಲುತ್ತದೆ. ಹಿಡಿಯಲು ಸಿಗುವುದು ಸಣ್ಣ ಪಾಲು ಎಂಬುದು ನಿಜ. ಆದರೆ ಆ ಸಣ್ಣ ಪಾಲನ್ನು ಹಿಡಿಯಲೆಂದೇ ಕಟ್ಟಿದ ಕೆರೆಗಳಲ್ಲಿ ಹೂಳು ತುಂಬಿದೆ, ನೀರು ಬರುವ ಹಳ್ಳಗಳು ಹೊಲಗಳಾಗಿವೆ, ಕೋಡಿ ಯಾವುದೆಂದು ಗೊತ್ತಿಲ್ಲದ ತಲೆಮಾರು ಬಂದಿದೆ. ತೂಬು ತೆಗೆದು ಮುಚ್ಚುತ್ತಿದ್ದ ನೀರುಗಂಟಿಯ ಕೆಲಸ ಎಷ್ಟೋ ಊರುಗಳಲ್ಲಿ ನಿಂತೇಹೋಗಿದೆ. ದೂರದ ನೀರು ಬಂದರೂ ಅದು ಬಂದು ನಿಲ್ಲಬೇಕಾದದ್ದು ಇವೇ ಕೆರೆಗಳಲ್ಲಿ. ಒಡೆದ ಮಡಕೆಗೆ ಗಂಗೆಯನ್ನು ತಂದು ಹೊಯ್ದರೂ ಉಳಿಯುವುದಿಲ್ಲ.

ಘಟ್ಟದ ಬೆಲೆ

ಘಟ್ಟದ ನೆಲ ಎಷ್ಟು ಸೂಕ್ಷ್ಮ ಎಂಬುದನ್ನು ರೈಲು ಇಲಾಖೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರಸೀಕೆರೆಯಿಂದ ಹಾಸನದ ಮೂಲಕ ಮಂಗಳೂರಿಗೆ ಹೋಗುವ ರೈಲು ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವೆ 57 ಸುರಂಗಗಳನ್ನೂ 109 ಸೇತುವೆಗಳನ್ನೂ ದಾಟುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ದಾರಿ ವಾರಗಟ್ಟಲೆ ನಿಂತಿತು. 2024ರ ಜುಲೈಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಮತ್ತೆ ಕುಸಿಯಿತು. ಗುಡ್ಡದ ಬುಡವನ್ನು ನೇರವಾಗಿ ಕಡಿದಾಗ, ಮೇಲಿನ ಬೇರುಗಳ ಹಿಡಿತ ತಪ್ಪಿದಾಗ, ಮಣ್ಣು ನೀರು ಕುಡಿದು ಭಾರವಾದಾಗ ಜಾರುವುದು ಸಹಜ. ಇದೇ ಹೊಳೆಗಳ ಮೇಲೆ ಯೋಜಿಸಿದ್ದ ಗುಂಡ್ಯ ಜಲವಿದ್ಯುತ್ ಯೋಜನೆಯನ್ನು ಕೈಗೊಳ್ಳಬಾರದೆಂದು ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತ್ತು. ವಿದ್ಯುತ್ತಿಗಾಗಿ ಬೇಡವೆಂದ ಕಣಿವೆಯಲ್ಲೇ ನೀರಿಗಾಗಿ ಅಗೆತ ನಡೆಯಿತು.

ಕಾಡು ಕಿರಿದಾದಷ್ಟೂ ಅದರೊಳಗಿನವರು ಹೊರಗೆ ಬರುತ್ತಾರೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಆನೆಗಳು ಬೀಡುಬಿಟ್ಟು ಕೂಲಿಗೆ ಹೋದವರು ಸಂಜೆ ಮನೆ ಸೇರುವ ಭರವಸೆಯಿಲ್ಲದ ದಿನಗಳು ಬಂದಿವೆ. ಸಿಂಗಳೀಕ ಊರಿಗೆ ಬರುವುದಿಲ್ಲ. ಮರದಿಂದ ಮರಕ್ಕೆ ಹಾರಿ ಬದುಕುವ ಅದಕ್ಕೆ ಕೊಂಬೆಗಳ ಸಾಲು ಕಡಿದುಹೋದರೆ ಆಚೆ ದಡವೇ ಇಲ್ಲ. ಆನೆಯ ಕಷ್ಟ ಸುದ್ದಿಯಾಗುತ್ತದೆ, ಸಿಂಗಳೀಕದ ಕಷ್ಟ ಸುದ್ದಿಯಾಗುವುದೂ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ತಂದ ಯೋಜನೆಯನ್ನು ಹಿಂದಕ್ಕೆ ತಿರುಗಿಸಲಾಗದು. ಆದರೆ ಮೂರು ಕೆಲಸಗಳು ಕೈಯಳತೆಯಲ್ಲಿವೆ. ಮೊದಲನೆಯದು, ಪ್ರತಿ ಮಳೆಗಾಲದಲ್ಲಿ ಒಡ್ಡುಗಳಿಂದ ಎಷ್ಟು ನೀರು ಎತ್ತಲಾಯಿತು, ಹೊಳೆಗೆ ಎಷ್ಟು ಬಿಡಲಾಯಿತು, ಯಾವ ಕೆರೆಗೆ ಎಷ್ಟು ಮುಟ್ಟಿತು ಎಂಬುದನ್ನು ಊರಿನ ಜನ ಓದುವಂತೆ ಪಂಚಾಯಿತಿಯ ಬಾಗಿಲಲ್ಲಿ ಬರೆದು ಹಾಕುವುದು. ಎರಡನೆಯದು, ನೀರು ಬರುವ ಮೊದಲೇ ಕೆರೆಯ ಹೂಳು ತೆಗೆದು, ಹಳ್ಳದ ದಾರಿ ಬಿಡಿಸಿ, ಏರಿ ಭದ್ರಪಡಿಸುವುದು. ಮೂರನೆಯದು, ನೀರು ಹುಟ್ಟುವ ಕಾಡನ್ನು ಕಾಯುವ ಮಲೆನಾಡಿನ ಊರುಗಳಿಗೆ ನೀರು ಪಡೆಯುವ ಬಯಲು ಏನಾದರೂ ಕೊಡುವುದು. ಕೆರೆಯ ನೀರು ಕುಡಿದವರು ಕೆರೆಯ ಏರಿಗೆ ಒಂದು ಬುಟ್ಟಿ ಮಣ್ಣು ಹಾಕಬೇಕೆಂಬುದು ಹಳೆಯ ಕಟ್ಟಳೆ. ಈಗ ಏರಿ ಬಿಸಿಲೆಯವರೆಗೆ ಉದ್ದವಾಗಿದೆ, ಅಷ್ಟೇ.

ಮಳೆಗಾಲದಲ್ಲಿ ಅರಸೀಕೆರೆಯ, ಬೇಲೂರಿನ, ಹಳೇಬೀಡಿನ ಶಾಲೆಗಳು ಮಕ್ಕಳನ್ನು ಜಲಪಾತಕ್ಕೆ ಕರೆದೊಯ್ಯುವುದಾದರೆ ಮಂಕನಹಳ್ಳಿಯ ಕಲ್ಲಿನ ಬಳಿ ಅರ್ಧ ಗಂಟೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಹಿಂದಿರುಗುವಾಗ ದ್ವಾರಸಮುದ್ರದ ಏರಿಯ ಮೇಲೂ ಅವರನ್ನು ನಡೆಸಬೇಕು. ಜಲಪಾತವನ್ನು ದೇವರು ಕೊಟ್ಟ, ಕೆರೆಯನ್ನು ಅರಸರು ಕೊಟ್ಟರು ಎಂದು ಮಕ್ಕಳು ತಿಳಿಯಬಾರದು. ಒಂದನ್ನು ಕಾಡು ಕೊಟ್ಟಿತು, ಇನ್ನೊಂದನ್ನು ಮಣ್ಣು ಹೊತ್ತ ಜನ ಕೊಟ್ಟರು. ಎರಡನ್ನೂ ಉಳಿಸಿಕೊಳ್ಳುವ ಕೆಲಸ ಕುಡಿಯುವವರದು.